ವಿಷಕ್ಕೆ ಇದ್ದಿಲು: ಡಬ್ಬಿ ಕೊಳ್ಳುವ ಮುನ್ನ ಓದಿ

ಹೋದ ತಿಂಗಳು ತಾಯಿಯೊಬ್ಬರು ಮಗುವಿನ ನೆಗಡಿಗೆಂದು ನನ್ನ ದವಾಖಾನೆಗೆ ಬಂದಿದ್ದರು. ಔಷಧ ಬರೆಸಿಕೊಂಡು ಏಳುವ ಹೊತ್ತಿಗೆ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. “ಹಕೀಮ್ ಸಾಹೇಬ್ರೇ, ಇದನ್ನು ಆನ್‌ಲೈನ್‌ನಲ್ಲಿ ತರಿಸಿದ್ದೇನೆ. ಮಕ್ಕಳು ಮಾತ್ರೆಗೀತ್ರೆ ನುಂಗಿಬಿಟ್ಟರೆ ಇದನ್ನು ಕೊಟ್ಟರೆ ಸಾಕು, ವಿಷವೆಲ್ಲ ಹೀರಿಕೊಳ್ಳುತ್ತದೆ ಅಂತ ವಿಡಿಯೋದಲ್ಲಿ ನೋಡಿದೆ. ಎಷ್ಟು ಕೊಡಬೇಕು?” ಎಂದು ಕೇಳಿದರು.

ಡಬ್ಬಿಯಲ್ಲಿದ್ದದ್ದು ಆಕ್ಟಿವೇಟೆಡ್ ಚಾರ್ಕೋಲ್ ಕ್ಯಾಪ್ಸೂಲ್. ಒಂದೊಂದು 250 ಮಿಲಿಗ್ರಾಂ. ನಾನು ಅವರ ಎದುರೇ ಲೆಕ್ಕ ಹಾಕಿದೆ. ವಿಷಪ್ರಾಶನವಾದ ಮಗುವಿಗೆ ಆಸ್ಪತ್ರೆಯಲ್ಲಿ ಕೊಡುವ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ ಸುಮಾರು 1 ಗ್ರಾಂ. ಅವರ ಮಗಳ ತೂಕ 12 ಕಿಲೋ. ಅಂದರೆ 12 ಗ್ರಾಂ, ಅಂದರೆ 48 ಕ್ಯಾಪ್ಸೂಲ್. ದೊಡ್ಡವರಿಗಾದರೆ ಸಾಮಾನ್ಯವಾಗಿ 50 ಗ್ರಾಂ, 200 ಕ್ಯಾಪ್ಸೂಲ್. ಆ ತಾಯಿ ಮೊದಲು ನಕ್ಕರು. ಆಮೇಲೆ, “ಹಾಗಾದರೆ ಇದು ಸುಳ್ಳೇ?” ಎಂದು ಕೇಳಿದರು.

ಸುಳ್ಳಲ್ಲ. ಇದ್ದಿಲು ನಿಜವಾದ ಔಷಧವೇ. ಆದರೆ ಯಾವ ವಿಷಕ್ಕೆ, ಯಾವ ಹೊತ್ತಿನಲ್ಲಿ, ಯಾರ ಕೈಯಿಂದ ಎನ್ನುವುದರ ಮೇಲೆ ಅದು ಔಷಧವಾಗುತ್ತದೆ ಅಥವಾ ಅಪಾಯವಾಗುತ್ತದೆ. ಈ ಪ್ರಶ್ನೆಯನ್ನು ಇತ್ತೀಚೆಗೆ ಬೇರೆ ಮನೆಯವರೂ ಕೇಳಿದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಇದು ಒಲೆಯ ಇದ್ದಿಲಲ್ಲ

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಕಬಾಬ್ ಸುಡುವ ಇದ್ದಿಲು, ಒಲೆಯ ಕೆಂಡ ಆರಿದ ಇದ್ದಿಲು, ಲೋಬಾನ ಮತ್ತು ಊದ್ ಹಾಕಲು ನಾವು ಮನೆಯಲ್ಲಿ ಇಟ್ಟುಕೊಳ್ಳುವ ದುಂಡನೆಯ ಇದ್ದಿಲ ಬಿಲ್ಲೆ, ಇವು ಯಾವುವೂ ಔಷಧವಲ್ಲ. ಬೆಂಕಿಕಡ್ಡಿ ತಾಗಿಸಿದರೆ ಚಿಟಪಟ ಎಂದು ತಾನಾಗಿ ಹೊತ್ತಿಕೊಳ್ಳುವ ಆ ಬಿಲ್ಲೆಗಳಲ್ಲಿ ಸಾಮಾನ್ಯವಾಗಿ ಪೆಟ್ಲುಪ್ಪು ಬೆರೆಸಿರುತ್ತಾರೆ. ಅದನ್ನು ಅರೆದು ಮಗುವಿಗೆ ಕುಡಿಸಿದರೆ ಒಂದು ವಿಷದ ಮೇಲೆ ಇನ್ನೊಂದು ಹಾಕಿದ ಹಾಗೆ. ಕರಕಲು ಮಾಡಿದ ರೊಟ್ಟಿ ತಿನ್ನಿಸುವವರೂ ಇದ್ದಾರೆ. ಅದರಿಂದ ಏನೂ ಆಗುವುದಿಲ್ಲ, ಸಮಯ ಮಾತ್ರ ಹಾಳು.

ಔಷಧದ ಇದ್ದಿಲನ್ನು ಮರ, ತೆಂಗಿನ ಚಿಪ್ಪು ಮುಂತಾದವುಗಳಿಂದಲೇ ಮಾಡುತ್ತಾರೆ. ಗಾಳಿ ಸೋಕದಂತೆ ಸುಟ್ಟು ಇದ್ದಿಲು ಮಾಡಿಕೊಂಡು, ಅದನ್ನು ಮತ್ತೆ 800 ಡಿಗ್ರಿಗೂ ಮೀರಿದ ಶಾಖದಲ್ಲಿ ನೀರಾವಿ ಹಾಯಿಸಿ ಕಾಯಿಸುತ್ತಾರೆ. ಆಗ ಅದರ ಕಣಕಣದೊಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ತೆರೆದುಕೊಳ್ಳುತ್ತವೆ. ಇದನ್ನೇ ‘ಆಕ್ಟಿವೇಟ್’ ಮಾಡುವುದು ಎನ್ನುವುದು. ಆ ರಂಧ್ರಗಳ ಒಳಗೋಡೆಗಳನ್ನೆಲ್ಲ ಬಿಚ್ಚಿ ಹಾಸಿದರೆ ಒಂದು ಗ್ರಾಂ ಪುಡಿ ಸುಮಾರು ಸಾವಿರ ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹತ್ತು ಗುಂಟೆ. ಒಬ್ಬ ರೋಗಿಗೆ ಕೊಡುವ 50 ಗ್ರಾಮಿನಲ್ಲಿ ಹನ್ನೆರಡು ಎಕರೆ ಜಮೀನು ಅಡಗಿದೆ ಎಂದುಕೊಳ್ಳಿ. ಹೊಟ್ಟೆಯಲ್ಲಿ ಕರಗಿದ ವಿಷದ ಕಣಗಳು ಆ ಗೋಡೆಗಳಿಗೆ ಅಂಟಿಕೊಳ್ಳುತ್ತವೆ. ಇದ್ದಿಲು ರಕ್ತಕ್ಕೆ ಸೇರುವುದಿಲ್ಲ, ಅಂಟಿದ್ದನ್ನು ಹೊತ್ತುಕೊಂಡು ಮಲದೊಂದಿಗೆ ಹೊರಗೆ ಹೋಗುತ್ತದೆ. ಒಂದೆರಡು ದಿನ ಮಲ ಕಪ್ಪಾಗುವುದು ಅದರಿಂದಲೇ.

ಇದ್ದಿಲಿಗೆ ಹೀಗೆ ಅಂಟಿಸಿಕೊಳ್ಳುವ ಗುಣವಿದೆ ಎಂದು 1785ರಲ್ಲಿ ರಷ್ಯಾದಲ್ಲಿದ್ದ ಟೋಬಿಯಾಸ್ ಲೋವಿಟ್ಸ್ ಎಂಬ ರಸಾಯನಶಾಸ್ತ್ರಜ್ಞ ಗುರುತಿಸಿದ. ಬಣ್ಣದ ದ್ರಾವಣಕ್ಕೆ ಇದ್ದಿಲ ಪುಡಿ ಹಾಕಿದರೆ ಬಣ್ಣ ಹೋಗಿ ತಿಳಿಯಾಗುವುದನ್ನು ಅವನು ಕಂಡಿದ್ದ. ಮುಂದೆ ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ಟೂಎರಿ ಎಂಬ ಔಷಧ ತಯಾರಕ ಅಲ್ಲಿನ ವೈದ್ಯಕೀಯ ಅಕಾಡೆಮಿಯ ಸದಸ್ಯರ ಮುಂದೆಯೇ ಕೊಲ್ಲುವಷ್ಟು ಸ್ಟ್ರಿಕ್ನೀನ್ ವಿಷವನ್ನು 15 ಗ್ರಾಂ ಇದ್ದಿಲಿನ ಜೊತೆ ನುಂಗಿ ಬದುಕಿ ತೋರಿಸಿದ. ಸ್ಟ್ರಿಕ್ನೀನ್ ಎಂದರೆ ನಮಗೆ ಅಪರಿಚಿತವೇನಲ್ಲ. ನಮ್ಮ ಕಾಡುಗಳ ಕಾಸರಕನ ಬೀಜದಲ್ಲಿರುವುದು ಅದೇ. ಯುನಾನಿಯಲ್ಲಿ ಕುಚ್ಲಾ ಅಥವಾ ಅಝರಾಕಿ ಎನ್ನುವ ಆ ಬೀಜವನ್ನು ಶುದ್ಧಿ ಮಾಡದೆ ಯಾವ ಹಕೀಮನೂ ಮುಟ್ಟುವುದಿಲ್ಲ. ಟೂಎರಿಯ ಸಾಹಸದಲ್ಲಿ ಗಮನಿಸಬೇಕಾದದ್ದು ಒಂದೇ: ಅವನು ವಿಷವನ್ನೂ ಇದ್ದಿಲನ್ನೂ ಒಟ್ಟಿಗೆ ನುಂಗಿದ್ದ. ನಿಮ್ಮ ಮನೆಯಲ್ಲಿ ಹಾಗಾಗುವುದಿಲ್ಲ. ಮಗು ಮಾತ್ರೆ ನುಂಗಿದ್ದು ನಿಮಗೆ ಗೊತ್ತಾಗುವ ಹೊತ್ತಿಗೆ ಅರ್ಧ ಗಂಟೆಯೋ ಒಂದು ಗಂಟೆಯೋ ಕಳೆದಿರುತ್ತದೆ.

ಒಂದು ಗಂಟೆಯ ಲೆಕ್ಕ

ಇದ್ದಿಲು ಹಿಡಿಯುವುದು ಹೊಟ್ಟೆ ಮತ್ತು ಕರುಳಿನಲ್ಲಿ ಇನ್ನೂ ಉಳಿದಿರುವ ವಿಷವನ್ನು. ಹೆಚ್ಚಿನ ಮಾತ್ರೆಗಳು ಬೇಗನೆ ಕರಗಿ ರಕ್ತಕ್ಕೆ ಸೇರುವುದರಿಂದ, ನುಂಗಿದ ಒಂದು ಗಂಟೆಯೊಳಗೆ ಕೊಟ್ಟರೆ ಪ್ರಯೋಜನ ಹೆಚ್ಚು. ತಡವಾದಷ್ಟೂ ಕಡಿಮೆ. ನಿಧಾನವಾಗಿ ಕರಗುವ ಕೆಲವು ಮಾತ್ರೆಗಳಲ್ಲಿ, ಕರುಳಿನ ಚಲನೆಯನ್ನೇ ನಿಧಾನ ಮಾಡುವ ಔಷಧಗಳಲ್ಲಿ ವೈದ್ಯರು ಆಮೇಲೆಯೂ ಕೊಡುತ್ತಾರೆ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೀನ್, ಫಿನೋಬಾರ್ಬಿಟಾಲ್, ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್, ಉಬ್ಬಸದ ಥಿಯೋಫಿಲಿನ್ ಇಂಥವುಗಳಲ್ಲಿ ಕೆಲವು ಗಂಟೆಗೊಮ್ಮೆ ಮತ್ತೆ ಮತ್ತೆ ಕೊಡುವುದೂ ಉಂಟು. ಏಕೆಂದರೆ ರಕ್ತಕ್ಕೆ ಸೇರಿದ್ದರಲ್ಲೂ ಒಂದು ಪಾಲು ಕರುಳಿಗೆ ಹಿಂದಿರುಗುತ್ತದೆ, ಅಲ್ಲಿ ಇದ್ದಿಲು ಅದನ್ನು ಹಿಡಿಯುತ್ತದೆ.

ಹಾಗೆಂದು ಇದು ಎಲ್ಲರನ್ನೂ ಉಳಿಸುವ ಮದ್ದೂ ಅಲ್ಲ. ಶ್ರೀಲಂಕಾದ ಕಥೆ ಕೇಳಿ. ಅಲ್ಲಿನ ಹಳ್ಳಿಗಳಲ್ಲಿ ಹಳದಿ ಕಣಗಿಲೆಯ ಬೀಜ ತಿಂದು ಸಾಯುವವರು ಬಹಳ. ನಮ್ಮಲ್ಲೂ ಬೇಲಿಗೆ, ಅಂಗಳಕ್ಕೆ ಹಾಕುವ ಗಿಡವೇ ಅದು. ಬೀಜ ಹೃದಯದ ಬಡಿತವನ್ನೇ ಕೆಡಿಸುತ್ತದೆ. 2003ರಲ್ಲಿ ಪ್ರಕಟವಾದ ಅಲ್ಲಿನ ಒಂದು ಅಧ್ಯಯನದಲ್ಲಿ ಸುಮಾರು 400 ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಇದ್ದಿಲನ್ನು ಪದೇ ಪದೇ ಕೊಟ್ಟಾಗ ಸಾವು ನೂರಕ್ಕೆ 8ರಿಂದ 2.5ಕ್ಕೆ ಇಳಿಯಿತು. ಎಲ್ಲರಿಗೂ ಆಸೆ ಹುಟ್ಟಿತು. ಐದು ವರ್ಷದ ನಂತರ ಅದೇ ದೇಶದಲ್ಲಿ 4,600ಕ್ಕೂ ಹೆಚ್ಚು ರೋಗಿಗಳ ಮೇಲೆ ಇನ್ನೂ ದೊಡ್ಡ ಅಧ್ಯಯನ ನಡೆಯಿತು. ಕಣಗಿಲೆ, ಕೀಟನಾಶಕ ಎಲ್ಲವೂ ಸೇರಿದ್ದವು. ಇದ್ದಿಲು ಕೊಟ್ಟವರಲ್ಲೂ ಕೊಡದವರಲ್ಲೂ ಸಾವು ಹೆಚ್ಚುಕಡಿಮೆ ಒಂದೇ, ನೂರಕ್ಕೆ ಆರು ಏಳು. ದೂರದ ಹಳ್ಳಿಗಳಿಂದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಗಂಟೆಗಳು ಕಳೆದಿರುತ್ತಿದ್ದವು ಎನ್ನುವುದನ್ನೂ ನೆನಪಿಡಬೇಕು. ಆದ್ದರಿಂದ ಇಂದು ವೈದ್ಯರು ಬಂದವರಿಗೆಲ್ಲ ಇದ್ದಿಲು ಕುಡಿಸುವುದಿಲ್ಲ. ತಿಂದದ್ದೇನು, ಎಷ್ಟು ಹೊತ್ತಾಯಿತು, ರೋಗಿ ಎಚ್ಚರವಿದ್ದಾನೆಯೇ ಎಂದು ನೋಡಿ ತೀರ್ಮಾನಿಸುತ್ತಾರೆ. “ನಮ್ಮ ಹುಡುಗನಿಗೆ ಯಾಕೆ ಕೊಡಲಿಲ್ಲ” ಎಂದು ಆಸ್ಪತ್ರೆಯಲ್ಲಿ ಜಗಳಕ್ಕೆ ನಿಲ್ಲಬೇಡಿ.

ಯಾವುದನ್ನು ಹಿಡಿಯುವುದಿಲ್ಲ

ಮನೆಯವರು ಇದನ್ನು ತಿಳಿದುಕೊಳ್ಳುವುದು ಬಹಳ ಮುಖ್ಯ. ಯಾಕೆಂದರೆ ನಮ್ಮ ಮನೆಗಳಲ್ಲಿ ಮಕ್ಕಳ ಕೈಗೆ ಸಿಗುವ ಹಲವು ವಿಷಗಳನ್ನು ಇದ್ದಿಲು ಹಿಡಿಯುವುದೇ ಇಲ್ಲ.

ಕಬ್ಬಿಣದ ಮಾತ್ರೆಯನ್ನೇ ತೆಗೆದುಕೊಳ್ಳಿ. ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆ ಮಕ್ಕಳ ಕಣ್ಣಿಗೆ ಮಿಠಾಯಿ. ಹೆಚ್ಚು ನುಂಗಿದರೆ ಹೊಟ್ಟೆಯ ಒಳಪದರ ಸುಟ್ಟು ಯಕೃತ್ತು ಕೆಡುತ್ತದೆ. ಅದಕ್ಕೆ ಬೇರೆಯೇ ಮದ್ದಿದೆ, ಇದ್ದಿಲಿನಿಂದ ಪ್ರಯೋಜನವಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್, ಕಾಸ್ಟಿಕ್ ಸೋಡಾ ಇವನ್ನೂ ಹಿಡಿಯುವುದಿಲ್ಲ. ಮೇಲಾಗಿ ಅನ್ನನಾಳ ಎಷ್ಟು ಸುಟ್ಟಿದೆ ಎಂದು ವೈದ್ಯರು ಕೊಳವೆ ಇಳಿಸಿ ನೋಡುವಾಗ ಎಲ್ಲವೂ ಕಪ್ಪಾಗಿ ಕಾಣದಂತಾಗುತ್ತದೆ. ಸ್ಯಾನಿಟೈಸರ್ ಮತ್ತು ಇತರ ಆಲ್ಕೋಹಾಲ್‌ಗಳು, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ಸೀಸ ಪಾದರಸದಂಥ ಲೋಹಗಳು, ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್, ಇವುಗಳಿಗೂ ಇದ್ದಿಲು ಮದ್ದಲ್ಲ.

ಸೀಮೆಎಣ್ಣೆಯ ವಿಷಯಕ್ಕೆ ಬಂದೆನಾದ್ದರಿಂದ ನನ್ನದೇ ಒಂದು ತಪ್ಪನ್ನು ಹೇಳಬೇಕು. ವೃತ್ತಿ ಶುರುಮಾಡಿದ ಹೊಸತು. ಒಂದು ಸಂಜೆ ಪರಿಚಿತರೊಬ್ಬರು ಗಾಬರಿಯಿಂದ ಫೋನ್ ಮಾಡಿದರು. ನೀರಿನ ಬಾಟಲಿಯಲ್ಲಿ ತುಂಬಿಟ್ಟಿದ್ದ ಸೀಮೆಎಣ್ಣೆಯನ್ನು ಎರಡು ವರ್ಷದ ಮಗ ಒಂದು ಗುಟುಕು ಕುಡಿದಿದ್ದ. ನಮ್ಮ ಹಳೆಯ ಗ್ರಂಥಗಳಲ್ಲಿ ವಿಷಕ್ಕೆ ಮೊದಲ ಉಪಾಯ ಕೈ, ಅಂದರೆ ವಾಂತಿ ಮಾಡಿಸುವುದು. ಇಬ್ನ್ ಸೀನಾ ತಮ್ಮ ‘ಕಾನೂನ್’ನ ನಾಲ್ಕನೇ ಗ್ರಂಥದಲ್ಲಿ ವಿಷಗಳಿಗೇ ಒಂದು ಭಾಗ ಮೀಸಲಿಟ್ಟಿದ್ದಾರೆ. ಓದಿದ್ದು ತಲೆಯಲ್ಲಿತ್ತು, “ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ” ಎಂದುಬಿಟ್ಟೆ. ಮಾಡಿಸಿದರು. ಮರುದಿನ ಬೆಳಿಗ್ಗೆ ಮಗುವಿಗೆ ಜ್ವರ, ಏದುಸಿರು. ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿತ್ತು. ಏಳು ದಿನ ಆಸ್ಪತ್ರೆಯಲ್ಲಿದ್ದ. ಅಲ್ಲಾಹನ ದಯೆ, ಉಳಿದ. ಆ ತಂದೆಗೆ ತಪ್ಪು ನನ್ನದೆಂದು ಆಗಲೇ ಹೇಳಿದ್ದೇನೆ. ಅವರು ಇಂದಿಗೂ ನನ್ನ ಬಳಿಗೇ ಬರುತ್ತಾರೆ, ಅದು ಅವರ ದೊಡ್ಡತನ.

ಸೀಮೆಎಣ್ಣೆ ಹೊಟ್ಟೆಯಲ್ಲಿದ್ದರೆ ಮಾಡುವ ಹಾನಿ ಕಡಿಮೆ, ಶ್ವಾಸಕೋಶಕ್ಕೆ ಹೋದರೆ ಹೆಚ್ಚು. ಆಸಿಡ್ ಇಳಿಯುವಾಗ ಒಮ್ಮೆ ಸುಟ್ಟಿರುತ್ತದೆ, ವಾಂತಿ ಮಾಡಿಸಿದರೆ ಮೇಲೆ ಬರುವಾಗ ಮತ್ತೊಮ್ಮೆ ಸುಡುತ್ತದೆ. ಗಾಢವಾದ ಉಪ್ಪುನೀರು ಕುಡಿಸಿದರೆ ರಕ್ತದಲ್ಲಿ ಉಪ್ಪು ಏರಿ ಅದೇ ಪ್ರಾಣ ತೆಗೆಯಬಹುದು. ಅಮೆರಿಕದಲ್ಲಿ ದಶಕಗಳ ಕಾಲ ವಾಂತಿ ಮಾಡಿಸುವ ಇಪಿಕಾಕ್ ಸಿರಪ್ಪನ್ನು ಮನೆಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. 2003ರಲ್ಲಿ ಅಲ್ಲಿನ ಮಕ್ಕಳ ತಜ್ಞರ ಸಂಘವೇ ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ ಎಂದಿತು. ಆದ್ದರಿಂದ ಮನೆಯಲ್ಲಿ ಯಾವ ವಿಷಕ್ಕೂ ವಾಂತಿ ಮಾಡಿಸಬೇಡಿ. ಬೆರಳು ಹಾಕಿಯೂ ಬೇಡ, ಉಪ್ಪುನೀರಿನಿಂದಲೂ ಬೇಡ. ಯುನಾನಿ ಓದಿದವನಾಗಿಯೇ ಇದನ್ನು ಹೇಳುತ್ತಿದ್ದೇನೆ. ಹಳೆಯ ಹಕೀಮರ ಕಾಲದಲ್ಲಿ ಸೀಮೆಎಣ್ಣೆಯೂ ಇರಲಿಲ್ಲ, ಶುಗರ್ ಮಾತ್ರೆಯೂ ಇರಲಿಲ್ಲ.

ಇದ್ದಿಲನ್ನು ಮನೆಯಲ್ಲಿ ಕೊಡಬೇಡಿ ಎನ್ನುವುದಕ್ಕೂ ಇದೇ ಕಾರಣ. 50 ಗ್ರಾಂ ಪುಡಿಯನ್ನು ಸುಮಾರು 400 ಮಿಲಿ ನೀರಿನಲ್ಲಿ ಕದಡಿದರೆ ಕಪ್ಪು ಕೆಸರಿನಂಥ ಗಂಜಿಯಾಗುತ್ತದೆ. ರುಚಿಯಿಲ್ಲ, ಮರಳಿನಂತೆ ನಾಲಗೆಗೆ ಹತ್ತುತ್ತದೆ, ಕುಡಿದವರಲ್ಲಿ ಕೆಲವರು ವಾಂತಿ ಮಾಡುತ್ತಾರೆ. ಎಚ್ಚರವಿದ್ದವರು ಕೆಮ್ಮಿ ಉಗುಳುತ್ತಾರೆ. ಮಂಪರಿನಲ್ಲಿರುವವರಿಗೆ ಅದು ಶ್ವಾಸನಾಳಕ್ಕೆ ಇಳಿದರೆ ಶ್ವಾಸಕೋಶಕ್ಕೆ ತೀವ್ರ ಹಾನಿಯಾಗುತ್ತದೆ. ಆಸ್ಪತ್ರೆಯಲ್ಲಿ ಅಂಥವರಿಗೆ ಮೊದಲು ಉಸಿರಿನ ದಾರಿಗೆ ಟ್ಯೂಬ್ ಹಾಕಿ ಭದ್ರಮಾಡಿಕೊಂಡೇ ಮುಂದಿನ ಮಾತು.

ಗ್ಯಾಸ್‌ಗೆಂದೋ ಹೊಟ್ಟೆ ‘ಕ್ಲೀನ್’ ಆಗಲೆಂದೋ ಈ ಕ್ಯಾಪ್ಸೂಲ್ ದಿನಾ ನುಂಗುವವರಿಗೂ ಒಂದು ಮಾತು. ಇದ್ದಿಲಿಗೆ ವಿಷ ಯಾವುದು ಔಷಧ ಯಾವುದು ಎಂದು ಗೊತ್ತಿಲ್ಲ. ನಿಮ್ಮ ಬಿಪಿ, ಥೈರಾಯ್ಡ್, ಫಿಟ್ಸ್ ಮಾತ್ರೆಯನ್ನೂ ಹಿಡಿದುಕೊಂಡು ಹೋಗಬಹುದು.

ಚೆನ್ನಾಗಿದ್ದಾನೆ ಎಂದು ಕಾಯಬೇಡಿ

ಎರಡು ಮಾತ್ರೆಗಳ ಬಗ್ಗೆ ವಿಶೇಷವಾಗಿ ಹೇಳಬೇಕು, ಯಾಕೆಂದರೆ ಎರಡೂ ಪ್ರತಿ ಮನೆಯಲ್ಲಿವೆ.

ಒಂದು ಜ್ವರದ ಪ್ಯಾರಾಸಿಟಮಾಲ್. ಅತಿಯಾಗಿ ನುಂಗಿದವರು ಮೊದಲ ದಿನ ಬಹುತೇಕ ಚೆನ್ನಾಗಿಯೇ ಇರುತ್ತಾರೆ. ಸ್ವಲ್ಪ ವಾಕರಿಕೆ, ಅಷ್ಟೇ. “ಏನೂ ಆಗಲಿಲ್ಲವಲ್ಲ” ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಒಳಗೆ ಯಕೃತ್ತು ಕೆಡುತ್ತಿರುತ್ತದೆ, ಎರಡು ಮೂರು ದಿನಕ್ಕೆ ಕಣ್ಣು ಹಳದಿಯಾಗುತ್ತದೆ. ಬೇಗ ಬಂದವರಿಗೆ ಇದ್ದಿಲು ಸಹಾಯ ಮಾಡುತ್ತದೆ, ಆದರೆ ನಿಜವಾದ ಪ್ರತಿವಿಷ ಅಸಿಟೈಲ್‌ಸಿಸ್ಟೀನ್. ನುಂಗಿದ ಎಂಟು ಗಂಟೆಯೊಳಗೆ ಅದನ್ನು ಶುರುಮಾಡಿದರೆ ಯಕೃತ್ತು ಬಹುತೇಕ ಉಳಿಯುತ್ತದೆ. ತಡವಾಗಿದ್ದರೂ ಹೋಗಬೇಕು, ಆಗಲೂ ಅದು ಕೆಲಸ ಮಾಡುತ್ತದೆ.

ಇನ್ನೊಂದು ದಾದಿಯ ಶುಗರ್ ಮಾತ್ರೆ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಜಾತಿಯ ಒಂದೇ ಒಂದು ಮಾತ್ರೆ ಪುಟ್ಟ ಮಗುವಿನ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು, ಅದೂ ಹಲವು ಗಂಟೆ ಬಿಟ್ಟು. ಮಗು ಎಚ್ಚರವಿದ್ದು ನುಂಗಬಲ್ಲದಾದರೆ ಸಕ್ಕರೆ ನೀರು ಕುಡಿಸುತ್ತಾ ಆಸ್ಪತ್ರೆಗೆ ಹೊರಡಿ. ಆಡುತ್ತಿದೆ, ನಗುತ್ತಿದೆ ಎಂದು ಮನೆಯಲ್ಲೇ ನೋಡಿಕೊಳ್ಳುತ್ತಾ ಕೂರಬೇಡಿ. ಒಂದು ದಿನ ಆಸ್ಪತ್ರೆಯಲ್ಲಿ ಇಟ್ಟು ನೋಡಬೇಕಾಗುತ್ತದೆ.

ಕೂದಲಿಗೆ ಹಚ್ಚುವ, ಕಪ್ಪು ಮೆಹಂದಿಗೆ ಬೆರೆಸುವ ಹೇರ್ ಡೈ ಹೊಟ್ಟೆಗೆ ಹೋದರೆ ಗಂಟಲು, ನಾಲಗೆ ಊದಿ ಉಸಿರು ಕಟ್ಟುತ್ತದೆ. ಅಲ್ಲಿ ಗಂಟೆಗಳಲ್ಲ, ನಿಮಿಷಗಳ ಲೆಕ್ಕ. ಹೊಲಕ್ಕೆ ಹೊಡೆಯುವ ಔಷಧವಾದರೆ ಮೈಮೇಲೆ ಚೆಲ್ಲಿದ ಬಟ್ಟೆ ತೆಗೆದು ಸೋಪು ನೀರಿನಲ್ಲಿ ಮೈ ತೊಳೆಯಿರಿ, ಅದು ಚರ್ಮದಿಂದಲೂ ಒಳಗೆ ಹೋಗುತ್ತದೆ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಕವರನ್ನಾದರೂ ಕಟ್ಟಿಕೊಳ್ಳಲಿ.

ಮುಚ್ಚಿಟ್ಟ ಮಾತು

ಮಕ್ಕಳದ್ದು ಆಕಸ್ಮಿಕ. ದೊಡ್ಡವರದ್ದು ಹಲವು ಸಲ ಆಕಸ್ಮಿಕವಲ್ಲ. ಪರೀಕ್ಷೆ, ಸಾಲ, ಮದುವೆ ಮನೆಯ ಮಾತು, ಯಾವುದೋ ಸಂಕಟದಲ್ಲಿ ಮಾತ್ರೆ ನುಂಗಿದ ಹೆಣ್ಣುಮಗಳನ್ನು “ಊಟ ವಿಷವಾಗಿದೆ” ಎಂದು ಹೇಳಿ ಕರೆತರುತ್ತಾರೆ. ಇಜ್ಜತ್ ಹೋಗುತ್ತದೆ, ಪೊಲೀಸ್ ಕೇಸ್ ಆಗುತ್ತದೆ ಎಂಬ ಭಯ. ಆ ಸುಳ್ಳನ್ನು ನಂಬಿ ವೈದ್ಯರು ವಾಂತಿಭೇದಿಯ ಚಿಕಿತ್ಸೆ ಮಾಡುತ್ತಾರೆ, ಪ್ರತಿವಿಷದ ಹೊತ್ತು ಮೀರಿಹೋಗುತ್ತದೆ.

ಕಾನೂನು ಏನು ಹೇಳುತ್ತದೆ ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಹೀಗೆ ಮಾಡಿಕೊಂಡವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು. ಹಳೆಯ ದಂಡಸಂಹಿತೆಯ 309ನೇ ಸೆಕ್ಷನ್ 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ದಾಖಲೆಯ ಕ್ರಮ. ಆದರೆ ಚಿಕಿತ್ಸೆ ಅದಕ್ಕಾಗಿ ಕಾಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ವೈದ್ಯರ ಕಿವಿಯಲ್ಲಾದರೂ ನಿಜ ಹೇಳಿ. ಹುಡುಗಿಯನ್ನು ಅಲ್ಲಿ ಬೈಯಬೇಡಿ. ಮನೆಗೆ ಕರೆತಂದ ಮೇಲೆ ಏನೂ ಆಗಿಲ್ಲವೆಂಬಂತೆ ಇರಲೂಬೇಡಿ. ಮನಸ್ಸಿನ ಸಂಕಟಕ್ಕೆ ಮಾತಾಡಲು ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ.

ಹೊರಡುವ ಮುನ್ನ

ವಿಷ ಹೊಟ್ಟೆ ಸೇರಿದೆ ಎಂದು ತಿಳಿದ ಕೂಡಲೇ ಬಾಯಲ್ಲಿ ಉಳಿದದ್ದನ್ನು ತೆಗೆದು ಬಾಯಿ ತೊಳೆಸಿ. 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ವಾಹನ ಬಾಗಿಲಲ್ಲೇ ಇದ್ದರೆ ಅದರಲ್ಲೇ ಹೊರಡಿ. ಮಂಪರಿದ್ದರೆ ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ. ಹಾಲು, ಮಜ್ಜಿಗೆ, ನಿಂಬೆರಸ, ಹುಣಸೆನೀರು, ತುಪ್ಪ, ಎಲ್ಲವೂ ಬೇಡ. ಮಾತ್ರೆಯ ಖಾಲಿ ಪಟ್ಟಿ, ಬಾಟಲಿ, ಗಿಡವಾದರೆ ಅದರ ಕಾಯಿ ಎಲೆ ಜೊತೆಗೆ ಒಯ್ಯಿರಿ. ಪಟ್ಟಿಯಲ್ಲಿ ಎಷ್ಟು ಮಾತ್ರೆ ಇತ್ತು, ಈಗ ಎಷ್ಟಿದೆ ಎಂದು ಎಣಿಸಿ. ನುಂಗಿದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಗಾಬರಿಯಲ್ಲಿ ಅಮ್ಮಿ ಒಂದು ಹೇಳುತ್ತಾರೆ, ಅಬ್ಬಾ ಇನ್ನೊಂದು ಹೇಳುತ್ತಾರೆ. ವೈದ್ಯರಿಗೆ ಇದ್ದಿಲು ಕೊಡಬೇಕೋ ಬೇಡವೋ ಎಂದು ತಿಳಿಯುವುದು ಆ ಚೀಟಿಯಿಂದಲೇ. ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವಿದೆ. ಹಗಲಿರುಳು ತೆರೆದಿರುತ್ತದೆ, ಉಚಿತ ಸಂಖ್ಯೆ 1800 116 117. ಚಿಕಿತ್ಸೆ ಮಾಡುವ ವೈದ್ಯರೂ ಅಲ್ಲಿ ಕೇಳುತ್ತಾರೆ.

ಆ ತಾಯಿ ಡಬ್ಬಿಯನ್ನು ಏನು ಮಾಡಲಿ ಎಂದು ಕೇಳಿದರು. ಇಟ್ಟುಕೊಳ್ಳಿ, ಆದರೆ ಮಕ್ಕಳಿಗೆ ಸಿಗದ ಕಡೆ ಇಡಿ ಎಂದೆ. ಆಮೇಲೆ ಅತ್ತೆಯವರ ಶುಗರ್ ಮಾತ್ರೆ ಎಲ್ಲಿಡುತ್ತೀರಿ ಎಂದು ಕೇಳಿದೆ. ದಿಂಬಿನ ಕೆಳಗೆ, ಎಂದರು. ಹೋದ ವಾರ ಮತ್ತೆ ಬಂದಿದ್ದಾಗ ಹೇಳಿದರು, ಅಲ್ಮಾರಿಯ ಮೇಲಿನ ಖಾನೆಗೆ ಬೀಗ ಹಾಕಿಸಿದ್ದಾರಂತೆ. ಕೀಲಿ ಮಾತ್ರ ಅತ್ತೆ ತಮ್ಮ ಹತ್ತಿರವೇ ಇಟ್ಟುಕೊಂಡಿದ್ದಾರೆ.